ಗ್ರಾಮಸಭೆಯ ಮಾತು ಮತ್ತು ನಡಾವಳಿಯ ಭಾಷೆ

ಸರ್ಕಾರಿ ಸಭೆಗಳಲ್ಲಿ ಮುಕ್ತವಾಗಿ ಮಾತನಾಡುವ ಹಕ್ಕಿಗೆ ಸಂವಿಧಾನದ 19(1)(ಎ) ವಿಧಿಯೇ ಆಧಾರ. ಭಾಷಾ ಅಲ್ಪಸಂಖ್ಯಾತರ ಮಟ್ಟಿಗೆ ಇನ್ನೊಂದು ಪ್ರಶ್ನೆಯೂ ಇದರೊಡನೆ ಏಳುತ್ತದೆ: ತಾಯ್ನುಡಿಯಲ್ಲಿ ಆಡಿದ ಮಾತು ಸಭೆಯ ನಡಾವಳಿಯನ್ನು ಸೇರುತ್ತದೆಯೇ? ಕಾಸರಗೋಡಿನ ಗ್ರಾಮಸಭೆ ಈ ಪ್ರಶ್ನೆಗೆ ತಕ್ಕ ನಿದರ್ಶನ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿನ 1994ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಸರ್ಕಾರಿ ಯೋಜನೆಗಳ ಫಲಾನುಭವಿಗಳ ಆದ್ಯತಾ ಪಟ್ಟಿಯನ್ನು ಸಿದ್ಧಪಡಿಸುವುದು ಈ ಸಭೆಯೇ. ಆದ್ದರಿಂದ ಇಲ್ಲಿ ಎತ್ತಿದ ಆಕ್ಷೇಪ ದಾಖಲಾಗದೆ ಹೋದರೆ ಆಗುವ ನಷ್ಟ ಕೇವಲ ಅಭಿಮಾನಕ್ಕೆ ಸಂಬಂಧಿಸಿದ್ದಲ್ಲ. ಒಂದು ಕುಟುಂಬದ ಮನೆಯೋ ನೀರಿನ ಸೌಲಭ್ಯವೋ ಅದರೊಡನೆ ತಪ್ಪಿಹೋಗಬಹುದು.

ಈ ವಿಷಯದಲ್ಲಿ ಸಂವಿಧಾನ ನೀಡುವ ರಕ್ಷಣೆ ಎಲ್ಲೆಡೆ ಒಂದೇ ತೆರನಾಗಿಲ್ಲ. ರಾಜ್ಯಭಾಷೆ, ಹಿಂದಿ, ಇಂಗ್ಲಿಷ್ ಯಾವುದರಲ್ಲಿಯೂ ಸಮರ್ಪಕವಾಗಿ ಮಾತನಾಡಲಾರದ ಶಾಸಕನಿಗೆ ಸಭಾಧ್ಯಕ್ಷರು ಮಾತೃಭಾಷೆಯಲ್ಲಿ ಮಾತನಾಡಲು ಅನುಮತಿ ನೀಡಬಹುದೆಂದು 210ನೇ ವಿಧಿಯ ಪರಂತುಕ ಹೇಳುತ್ತದೆ. ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು 350ನೇ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಆದರೆ ಉತ್ತರ ಯಾವ ಭಾಷೆಯಲ್ಲಿರಬೇಕೆಂಬ ವಿಷಯದಲ್ಲಿ ಅದು ಮೌನವಾಗಿದೆ. ಕೇರಳದ 1969ರ ಅಧಿಕೃತ ಭಾಷೆಗಳ ಕಾಯಿದೆಯು ಕನ್ನಡ ಹಾಗೂ ತಮಿಳು ಅಲ್ಪಸಂಖ್ಯಾತರ ಪತ್ರವ್ಯವಹಾರಕ್ಕೆ ಅವರವರ ಭಾಷೆಯಲ್ಲಿಯೇ ಉತ್ತರಿಸುವ ವ್ಯವಸ್ಥೆ ಮಾಡಿ ಈ ಕೊರತೆಯನ್ನು ತುಂಬಿತು. ಹೀಗೆ ಶಾಸಕನ ಮಾತಿಗೂ ನಾಗರಿಕನ ಬರಹಕ್ಕೂ ಭಾಷೆಯ ರಕ್ಷಣೆಯುಂಟು. ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತನಾಡುವ ಸಾಮಾನ್ಯನಿಗೆ ಮಾತ್ರ ಸಂವಿಧಾನದಲ್ಲಿ ಅಂಥ ಪ್ರತ್ಯೇಕ ಉಪಬಂಧವಿಲ್ಲ. ಅವನ ಮಾತು 19ನೇ ವಿಧಿಯ ಸಾಮಾನ್ಯ ಆಶ್ರಯದಲ್ಲಿದೆ.

ಹಾಗೆಂದು ಸಭೆ ನಡೆಸುವವರಿಗೆ ಯಾವ ನಿಯಂತ್ರಣಾಧಿಕಾರವೂ ಇಲ್ಲವೆಂದು ತಿಳಿಯಬಾರದು. ಮಾತಿನ ಸರದಿ, ಕಾಲಾವಧಿ, ಕಾರ್ಯಸೂಚಿಯ ಎಲ್ಲೆ ಇವುಗಳನ್ನು ಗೊತ್ತುಪಡಿಸುವುದು ಸಭೆಯ ಸುವ್ಯವಸ್ಥೆಗೆ ಅಗತ್ಯ. ಆದರೆ ಆ ನಿಯಮ ಸರ್ವರಿಗೂ ಸಮಾನವಾಗಿರಬೇಕು. ಟೀಕೆ ಕಹಿಯೆಂದಾಗಲಿ ಭಾಷೆ ಬೇರೆಯೆಂದಾಗಲಿ ಒಬ್ಬನನ್ನು ಕುಳ್ಳಿರಿಸುವುದು ಸಭಾ ನಿಯಂತ್ರಣವಲ್ಲ, ತಾರತಮ್ಯ. 14ನೇ ವಿಧಿಯ ಸಮಾನತೆಯ ತತ್ತ್ವ ಅದನ್ನು ಒಪ್ಪದು.

ಬಾಯಿಮಾತಿಗೆ ದೊರೆಯದ ಭಾಷಾರಕ್ಷಣೆ ಬರಹಕ್ಕೆ ದೊರೆಯುವುದರಿಂದ, ಎರಡನ್ನೂ ಜೋಡಿಸುವುದೇ ಸದ್ಯಕ್ಕೆ ವಿವೇಕದ ಮಾರ್ಗ. ಸಭೆಯಲ್ಲಿ ಕನ್ನಡದಲ್ಲಿ ಹೇಳಿದ್ದನ್ನು ಅಂದೇ ಕನ್ನಡದ ಮನವಿಯಾಗಿ ಪಂಚಾಯತ್ ಕಾರ್ಯದರ್ಶಿಗೆ ಕೊಟ್ಟು ಸ್ವೀಕೃತಿ ಪಡೆಯಬಹುದು. 2005ರ ಮಾಹಿತಿ ಹಕ್ಕು ಕಾಯಿದೆಯಡಿ ನಡಾವಳಿಯ ದೃಢೀಕೃತ ಪ್ರತಿಯನ್ನು ಕೇಳಿ, ತಮ್ಮ ಮಾತು ಅದರಲ್ಲಿ ಉಳಿದಿದೆಯೇ ಎಂದು ನೋಡಬಹುದು. ನಡಾವಳಿಯಲ್ಲಿ ಬಿಟ್ಟುಹೋದ ಆಕ್ಷೇಪಕ್ಕೆ ಆಗ ಸ್ವೀಕೃತಿಯುಳ್ಳ ಆ ಮನವಿಯೇ ಸಾಕ್ಷಿಯಾಗುತ್ತದೆ. ಆದರೂ ಇದು ಪ್ರಜೆಯ ಮೇಲೆ ಹೊರಿಸಿದ ಹೆಚ್ಚಿನ ಭಾರವೇ ಸರಿ. ಕನ್ನಡದಲ್ಲಿ ಆಡಿದ ಮಾತನ್ನು ಕನ್ನಡದಲ್ಲಿಯೇ ಬರೆದುಕೊಳ್ಳುವ ಹೊಣೆ ನಿಯಮದ ಮೂಲಕ ಪಂಚಾಯತಿಯದೇ ಆದಾಗ ಮಾತ್ರ ಆ ಭಾರ ಇಳಿದೀತು.