ಯಂತ್ರಕ್ಕೆ ಹೇಳಿದ ಗುಟ್ಟು

ಹಿಡಕಲ್ಲಿನಲ್ಲಿ ಘಟಪ್ರಭೆಯನ್ನು ತಡೆದು ನಿಂತಿರುವ ರಾಜಾ ಲಖಮಗೌಡ ಜಲಾಶಯಕ್ಕೆ 51 ಟಿ.ಎಂ.ಸಿ. ನೀರನ್ನು ಹಿಡಿದಿಡುವ ಶಕ್ತಿಯುಂಟು. ಯಾವ ಕಾಲುವೆಗೆ, ಎಷ್ಟು ನೀರು ಎಂಬುದನ್ನು ನಿರ್ಧರಿಸದೆ ಅಲ್ಲಿ ಗೇಟನ್ನು ಎತ್ತುವಂತಿಲ್ಲ. ಬಿಟ್ಟ ನೀರು ಮರಳಿ ಬಾರದೆಂಬುದು ಎಲ್ಲರಿಗೂ ಗೊತ್ತು. ಕಚೇರಿಯ ಕಡತಗಳಿಗೂ ಇದೇ ನ್ಯಾಯ ಸಲ್ಲಬೇಡವೇ?

ಅಂಥ ಊರಿನ ಒಂದು ಕಚೇರಿಯನ್ನು ಕಲ್ಪಿಸಿಕೊಳ್ಳಬಹುದು. ಭೂಪರಿಹಾರದ ಕಡತವೊಂದರ ಸಾರಾಂಶವನ್ನು ಸಂಜೆಯೊಳಗೆ ಇಂಗ್ಲಿಷಿನಲ್ಲಿ ಬರೆದುಕೊಡಬೇಕೆಂದು ಗುಮಾಸ್ತರಿಗೆ ಮೇಲಧಿಕಾರಿಗಳ ಅಪ್ಪಣೆಯಾಗಿದೆ. ಕೈಯಲ್ಲೇ ಇದೆ ಚಾಟ್‌ಜಿಪಿಟಿ ಎಂಬ ಕೃತಕ ಬುದ್ಧಿಮತ್ತೆಯ ಯಂತ್ರ. ಹೆಸರು, ಬ್ಯಾಂಕಿನ ಖಾತೆ, ಆಧಾರ್ ಸಂಖ್ಯೆ, ಮನೆತನದ ವ್ಯಾಜ್ಯ ಎಲ್ಲವನ್ನೂ ಅದರ ಮುಂದೆ ಸುರಿದರೆ ಅರೆನಿಮಿಷದಲ್ಲಿ ಸೊಗಸಾದ ಪತ್ರ ಸಿದ್ಧ. ಗುಮಾಸ್ತರಿಗೆ ನೆಮ್ಮದಿ, ಅಧಿಕಾರಿಗೆ ಸಂತೋಷ. ಆದರೆ ಆ ಕುಟುಂಬದ ಗುಟ್ಟು ಕಚೇರಿಯ ಬಾಗಿಲು ದಾಟಿ ದೂರದೇಶದ ಯಾವುದೋ ಕಂಪನಿಯ ಗಣಕಯಂತ್ರವನ್ನು ಸೇರಿತು.

ಸೇರಿದ ಮಾತು ಅಲ್ಲಿ ಏನಾಗುತ್ತದೆ? ಇಂತಹ ಸೇವೆಗಳಲ್ಲಿ ಅದು ಸಾಮಾನ್ಯವಾಗಿ ಸಂಗ್ರಹವಾಗುತ್ತದೆ. ಹಲವು ಸೇವೆಗಳ ಸಾಧಾರಣ ಖಾತೆಗಳಲ್ಲಿ, ಬಳಕೆದಾರರು ಬೇಡವೆಂದು ಸೂಚಿಸದಿದ್ದರೆ, ಮುಂದಿನ ಯಂತ್ರಕ್ಕೆ ಪಾಠವಾಗಿಯೂ ಉಪಯೋಗವಾಗಬಹುದು. ಕಂಪನಿಗಳಿಗೂ ಪ್ರಮಾದ ತಪ್ಪಿದ್ದಲ್ಲ. 2023ರ ಮಾರ್ಚಿ 20ರಂದು ಚಾಟ್‌ಜಿಪಿಟಿಯಲ್ಲಿ ಉಂಟಾದ ದೋಷದಿಂದ ಒಬ್ಬರ ಸಂಭಾಷಣೆಗಳ ಶೀರ್ಷಿಕೆಗಳು ಮತ್ತೊಬ್ಬರಿಗೆ ಗೋಚರಿಸಿದವು. ಅದೇ ವರ್ಷ ದಕ್ಷಿಣ ಕೊರಿಯದ ಸ್ಯಾಮ್‌ಸಂಗ್ ಕಂಪನಿಯ ನೌಕರರು ರಹಸ್ಯವಾದ ಗಣಕಲಿಪಿಯನ್ನು ಆ ಯಂತ್ರಕ್ಕೆ ಒಪ್ಪಿಸಿದ ಸಂಗತಿ ಬಯಲಾಗಿ, ಮೇ ತಿಂಗಳಿನಲ್ಲಿ ಕಂಪನಿಯು ಅಂತಹ ಸಾಧನಗಳನ್ನೇ ನಿಷೇಧಿಸಿತು. ಅಲ್ಲಿ ದ್ರೋಹವಿರಲಿಲ್ಲ, ಕೆಲಸ ಬೇಗ ಮುಗಿಸುವ ಆತುರ ಮಾತ್ರ ಇತ್ತು.

ನಮ್ಮ ದೇಶದ ಅರ್ಥಖಾತೆಯೂ 2025ರ ಜನವರಿ 29ರ ಸುತ್ತೋಲೆಯಲ್ಲಿ, ಕಚೇರಿಯ ಗಣಕಯಂತ್ರಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್ ಮೊದಲಾದವನ್ನು ಬಳಸಬಾರದೆಂದು ನೌಕರರಿಗೆ ಸೂಚಿಸಿತು. ಸರಕಾರಿ ದಾಖಲೆಗಳ ಗೋಪ್ಯತೆಗೆ ಧಕ್ಕೆಯೆಂಬುದೇ ಕಾರಣ.

ಹಾಗಾದರೆ ಯಂತ್ರವನ್ನು ಮುಟ್ಟಲೇಬಾರದೇ? ಬರಿಯ ನಿಷೇಧದಿಂದ ಫಲ ಸ್ವಲ್ಪ. ಕಚೇರಿಯಲ್ಲಿ ತಡೆದರೆ ಸ್ವಂತ ಫೋನಿನಲ್ಲಿ ಕೆಲಸ ಸಾಗುತ್ತದೆ. 2025ರ ಜುಲೈಯಲ್ಲಿ ಕೇರಳ ಹೈಕೋರ್ಟು ಜಿಲ್ಲಾ ನ್ಯಾಯಾಲಯಗಳಿಗೆ ನೀಡಿದ ನೀತಿ ಇಲ್ಲಿ ಗಮನಾರ್ಹ. ಕನ್ನಡಿಗರ ಕಾಸರಗೋಡಿನ ನ್ಯಾಯಾಲಯಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಅನುಮತಿ ಪಡೆದ ಸಾಧನ ಮಾತ್ರ. ತೀರ್ಪಿಗೆ ಯಂತ್ರದ ಮಾತು ಆಧಾರವಲ್ಲ. ಯಂತ್ರ ಮಾಡಿದ ಅನುವಾದವನ್ನು ಮನುಷ್ಯರು ಪರೀಕ್ಷಿಸಬೇಕು. ಬಳಸಿದ್ದಕ್ಕೆಲ್ಲ ಲೆಕ್ಕವಿಡಬೇಕು ಎಂಬುದು ಅದರ ತಿರುಳು.

ಪ್ರಯೋಗ ಮಾಡುವವರಿಗೆ ಸುಲಭವಾದ ದಾರಿಗಳೂ ಇವೆ. ಮೊದಲು ಕಲ್ಪಿತ ಹೆಸರು, ಕಲ್ಪಿತ ಅಂಕಿಗಳಿಂದ ಕಲಿಯಬೇಕು. ಪತ್ರದ ಮಾದರಿಯನ್ನು ಮಾತ್ರ ಯಂತ್ರದಿಂದ ಪಡೆದು, ನಿಜವಾದ ವಿವರವನ್ನು ಕೈಯಾರೆ ತುಂಬಬೇಕು. ಗೋಪ್ಯವಾದದ್ದನ್ನು ಕೊಡಲೇಬೇಕಾದರೆ ಸಂಸ್ಥೆಯೇ ಕರಾರು ಮಾಡಿಕೊಂಡ ಸೇವೆಯನ್ನೋ, ಕಚೇರಿಯ ಗಣಕಯಂತ್ರದೊಳಗೇ ಓಡುವ ಸಾಧನವನ್ನೋ ಆರಿಸಬೇಕು. ಹೆಸರು ಅಳಿಸಿದ ಮಾತ್ರಕ್ಕೆ ಕರ್ತವ್ಯ ಮುಗಿಯಿತೆಂದೂ ತಿಳಿಯಬಾರದು. ‘ಅಣ್ಣತಮ್ಮಂದಿರ ವ್ಯಾಜ್ಯದಲ್ಲಿರುವ, ಕಾಲುವೆಯ ಕೊನೆಯ ಹೊಲ’ ಎಂದರೆ ಸಾಕು, ಸಣ್ಣ ಊರಿನಲ್ಲಿ ಅದು ಯಾರದೆಂದು ಎಲ್ಲರಿಗೂ ತಿಳಿಯುತ್ತದೆ.

2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು ರಕ್ಷಣೆಯಲ್ಲಿ ತಪ್ಪಿದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿತ್ತಿದೆ. ಆದರೆ ದಂಡದ ಭಯಕ್ಕಿಂತ ದೊಡ್ಡದು ವಿಶ್ವಾಸ. ರೈತನು ತನ್ನ ಮನೆಯ ಕಷ್ಟವನ್ನು ಅರ್ಜಿಯಲ್ಲಿ ಬರೆದುಕೊಟ್ಟದ್ದು ಗುಮಾಸ್ತರನ್ನು ನಂಬಿ. ಯಂತ್ರವನ್ನು ನಂಬಿ ಅಲ್ಲ.