ಎಳೆಗೂಸಿನ ಬಿಳಿಯಂಗಿಗೆ ಸೂಜಿಯ ಸಿಂಗಾರ

ಅಂಗಡಿಯಲ್ಲಿ ಅರ್ಧ ಡಜನ್ ಲೆಕ್ಕದಲ್ಲಿ ದೊರೆಯುವ ಬಿಳಿಯ ಜಬಲಾಗಳಿಗೆ ಒಂದು ಗುಣವುಂಟು, ಒಂದು ಕೊರತೆಯೂ ಉಂಟು. ಅವು ಮೃದುವಾಗಿವೆ, ಅಗ್ಗವಾಗಿವೆ, ದಿನಕ್ಕೆ ಎಂಟು ಸಲ ಬದಲಾಯಿಸಿದರೂ ಯಾರಿಗೂ ಬೇಸರವಾಗದು. ಆದರೆ ಆರಕ್ಕೆ ಆರೂ ಒಂದೇ ತೆರ. ನಾಮಕರಣಕ್ಕೆಂದು ಬಂದ ನೆಂಟರು ಮಗುವನ್ನು ಎತ್ತಿಕೊಂಡಾಗ ಅದರ ಮೈಮೇಲಿನ ಅಂಗಿಗೆ ಮನೆಯವರ ಕೈಯ ಗುರುತು ಒಂದಾದರೂ ಇದ್ದರೆ ಚೆನ್ನ ಎಂದು ತಾಯಿಗೂ ಅಜ್ಜಿಗೂ ಅನ್ನಿಸುವುದು ಸಹಜ. ಹಾಗೆಂದು ಹೊಲಿಗೆಯಂತ್ರ ಬೇಕಿಲ್ಲ, ವರುಷಗಟ್ಟಲೆ ಕಲಿತ ಕೈಯೂ ಬೇಕಿಲ್ಲ. ಒಂದು ಸಣ್ಣ ಸೂಜಿ, ಎರಡು ಬಣ್ಣದ ನೂಲಿನ ಲಡಿ, ಮಧ್ಯಾಹ್ನದ ಒಂದೆರಡು ಗಂಟೆಯ ಬಿಡುವು, ಇಷ್ಟಿದ್ದರೆ ಸಾಕು. ಮಗು ಹುಟ್ಟುವ ಮುನ್ನ ಹೊಸ ಬಟ್ಟೆ ತರಬಾರದೆಂಬ ನಂಬಿಕೆಯ ಮನೆಗಳಲ್ಲಿ ಅಜ್ಜಿಯ ಹಳೆಯ ಸೀರೆಯೇ ಮೊದಲ ಅಂಗಿಯಾಗುತ್ತದೆ. ನೂರು ಒಗೆತ ಕಂಡು ಬೆಣ್ಣೆಯಂತಾದ ಆ ಬಟ್ಟೆಗೆ ಸೂಜಿ ಹಾಕುವುದು ಇನ್ನೂ ಸುಲಭ.

ಆದರೆ ದೊಡ್ಡವರ ರವಿಕೆಯ ಮೇಲೆ ಮಾಡುವ ಕಸೂತಿಗೂ ಕೂಸಿನ ಅಂಗಿಯ ಮೇಲೆ ಮಾಡುವ ಕಸೂತಿಗೂ ಒಂದು ದೊಡ್ಡ ಅಂತರವಿದೆ. ನೋಡುವವರ ಕಣ್ಣಿಗೆ ಬೀಳುವುದು ಬಟ್ಟೆಯ ಮೇಲ್ಮೈ. ಮಗುವಿನ ಚರ್ಮಕ್ಕೆ ತಾಗುವುದು ಅದರ ಒಳಮೈ. ಹೊರಗೆ ಅಂದವಾಗಿ ಅರಳಿದ ಹೂವಿನ ಹಿಂದೆ ಗಂಟುಗಳೂ ಅಡ್ಡಾದಿಡ್ಡಿ ಎಳೆಗಳೂ ತುಂಬಿಕೊಂಡಿದ್ದರೆ, ಮಾತು ಬಾರದ ಕೂಸು ಅಳುವುದೊಂದನ್ನು ಬಿಟ್ಟು ಬೇರೇನು ಮಾಡೀತು? ಹಸಿವೋ ಹೊಟ್ಟೆನೋವೋ ಎಂದು ಮನೆಯವರು ಬಜೆ ತೇಯ್ದು ನೆಕ್ಕಿಸಲು ಓಡುತ್ತಾರೆ. ಅಂಗಿಯನ್ನು ತಿರುವಿ ನೋಡುವ ಬುದ್ಧಿ ಯಾರಿಗೂ ಹೊಳೆಯುವುದಿಲ್ಲ.

ಆದ್ದರಿಂದ ಮೊದಲ ನಿಯಮ ಗಂಟಿನದು. ದಾರಕ್ಕೆ ಗಂಟು ಹಾಕಿ ಆರಂಭಿಸುವ ರೂಢಿಯನ್ನು ಇಲ್ಲಿ ಬಿಡಬೇಕು. ದಾರದ ತುದಿಯನ್ನು ಎರಡು ಅಂಗುಲದಷ್ಟು ಹಿಂಬದಿಯಲ್ಲಿ ಬಿಟ್ಟು ಹೊಲಿಯತೊಡಗಿ, ಕೆಲಸ ಮುಗಿದ ಮೇಲೆ ಆ ತುದಿಯನ್ನು ಹಿಂಬದಿಯ ಹೊಲಿಗೆಗಳ ಅಡಿಯಲ್ಲಿ ನಾಲ್ಕೈದು ಸಲ ನುಸುಳಿಸಿ ಕತ್ತರಿಸಬೇಕು. ಪೇಟೆಯಲ್ಲಿ ದೊರೆಯುವ ಕಸೂತಿ ನೂಲು ಸಾಮಾನ್ಯವಾಗಿ 6 ಎಳೆಗಳದು, ಲಡಿಯೊಂದಕ್ಕೆ 8 ಮೀಟರ್. ಕೂಸಿನ ಅಂಗಿಗೆ ಆರೂ ಎಳೆ ಸಲ್ಲದು. ಬಿಡಿಸಿ ಎರಡೇ ಎಳೆ ತೆಗೆದುಕೊಂಡರೆ ಗೆರೆ ನವಿರಾಗಿ ಬರುತ್ತದೆ, ಒಳಮೈಯೂ ಒರಟಾಗುವುದಿಲ್ಲ. ದಾರದ ಉದ್ದ ಮೊಳಕ್ಕಿಂತ ಹೆಚ್ಚಾದರೆ ಅದು ಸಿಕ್ಕಾಗಿ, ಹೊಲಿಯುವವರ ತಾಳ್ಮೆಯನ್ನೂ ಸಿಕ್ಕಾಗಿಸುತ್ತದೆ.

ಸೂಜಿ ಹಿಡಿಯುವ ಮೊದಲು ಎರಡು ಪರೀಕ್ಷೆಗಳು. ಅಂಗಿಯನ್ನು ಒಮ್ಮೆ ಬಿಸಿನೀರಿನಲ್ಲಿ ಒಗೆದು ಒಣಗಿಸಬೇಕು. ಹೊಸ ಹತ್ತಿಬಟ್ಟೆ ಕುಗ್ಗುವುದು ಸಾಮಾನ್ಯ. ಹೊಲಿದ ಮೇಲೆ ಕುಗ್ಗಿದರೆ ನೂಲು ಅಷ್ಟೇ ಉಳಿದು ಬಟ್ಟೆ ಸುಕ್ಕುಗಟ್ಟುತ್ತದೆ. ಎರಡನೆಯದು ಬಣ್ಣದ ಪರೀಕ್ಷೆ. ನೂಲಿನ ತುಂಡೊಂದನ್ನು ನೆನೆಸಿ, ಬಿಳಿಯ ಚಿಂದಿಯ ನಡುವೆ ಇಟ್ಟು ಇಸ್ತ್ರಿ ಒತ್ತಿ ನೋಡಬೇಕು. ಕೆಂಪು ಮತ್ತು ಕಡುನೀಲಿಯ ವಿಷಯದಲ್ಲಿ ಈ ಎಚ್ಚರಿಕೆ ವಿಶೇಷವಾಗಿ ಬೇಕು. ಮಗು ಸದಾ ಜೊಲ್ಲು ಸುರಿಸುತ್ತದೆ, ಅಂಗಿಯ ಕೊರಳನ್ನೇ ಬಾಯಿಗಿಟ್ಟು ಚೀಪುತ್ತದೆ. ಬಣ್ಣ ಬಿಡುವ ನೂಲು ಅದರ ಹತ್ತಿರ ಸುಳಿಯಬಾರದು.

ಹೊಲಿಗೆ ಎಲ್ಲಿರಬೇಕು? ಬೆನ್ನಿನ ಮೇಲಂತೂ ಬೇಡ. ದಿನದ ಬಹುಭಾಗ ಕೂಸು ಮಲಗುವುದು ಅದರ ಮೇಲೆಯೇ. ಎದೆಯ ಒಂದು ಪಕ್ಕ, ಕೆಳಗಿನ ಅಂಚು, ತೋಳಿನ ಕೊನೆ, ಇವು ಒಳ್ಳೆಯ ಜಾಗಗಳು. ತೀರ ಸುಲಭವಾದುದು ಅಂಚಿನ ಗುಂಟ ಓಡುವ ಸಾದಾ ಓಟದ ಹೊಲಿಗೆ. ತಿಳಿನೀಲಿಯಲ್ಲಿ ಒಂದು ಸಾಲು ಹಾಕಿ, ಆಮೇಲೆ ಹಳದಿಯ ನೂಲನ್ನು ಬಟ್ಟೆಗೆ ಚುಚ್ಚದೆ ಹೊಲಿಗೆಗಳ ಅಡಿಯಲ್ಲಿ ಮಾತ್ರ ಮೇಲಿಂದ ಕೆಳಕ್ಕೆ ಸುತ್ತುತ್ತ ಹೋದರೆ, ಹುರಿಹಗ್ಗದಂಥ ಎರಡು ಬಣ್ಣದ ಗೆರೆ ಮೂಡುತ್ತದೆ. ಸುತ್ತಿದ ನೂಲು ಒಳಮೈಗೆ ಹೋಗುವುದೇ ಇಲ್ಲ. ಸೂಜಿಯ ಹಿಂಬದಿಯನ್ನು, ಅಂದರೆ ಕಣ್ಣಿನ ಬದಿಯನ್ನು ಮುಂದಾಗಿ ನುಸುಳಿಸಿದರೆ ಬಟ್ಟೆಗೆ ಚುಚ್ಚುವ ಭಯವಿಲ್ಲ. ಹತ್ತು ವರ್ಷದ ಅಕ್ಕನೂ ತಮ್ಮನ ಅಂಗಿಗೆ ಇದನ್ನು ಹಾಕಬಲ್ಲಳು.

ಕೊರಳಿಗೆ ಲೇಸು ಹಚ್ಚುವ ಚಪಲ ಅನೇಕರಿಗುಂಟು. ನೈಲಾನ್ ಲೇಸು ಕೂಸಿನ ಕುತ್ತಿಗೆಯ ಮಡಿಕೆಗಳಲ್ಲಿ ಬೆವರು ಹಿಡಿದು ಕೆರೆತಕ್ಕೆ ದಾರಿ ಮಾಡುತ್ತದೆ. ಅದರ ಬದಲಿಗೆ ಕಂಬಳಿಯ ಅಂಚಿಗೆ ಹಾಕುವ ಹೊಲಿಗೆಯನ್ನು ಸಣ್ಣದಾಗಿ, ಒಂದು ಹೊಲಿಗೆ ಗಿಡ್ಡ ಒಂದು ಉದ್ದವಾಗಿ ಹಾಕಿದರೆ ಅಂಚು ಬಿಗಿಯಾಗಿಯೂ ನಿಲ್ಲುತ್ತದೆ, ಲೇಸಿನ ಸೊಬಗೂ ಬರುತ್ತದೆ. ಬನಿಯನ್ ಬಟ್ಟೆಯ ಅಂಗಿಯಾದರೆ ಮಾತ್ರ ಬೇರೆ ಲೆಕ್ಕ. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್. ಹಿಗ್ಗುವ ಕೊರಳಿನ ಸುತ್ತ ಹಿಗ್ಗದ ಹೊಲಿಗೆ ಹಾಕಿದರೆ ತಲೆ ತೂರುವುದಿಲ್ಲ, ಇಲ್ಲವೆ ನೂಲು ಪಟ್ಟೆಂದು ಕಡಿಯುತ್ತದೆ. ಅಲ್ಲಿ ಅಡ್ಡಡ್ಡ ದಾಟಿಕೊಂಡು ಹೋಗುವ, ಮೀನಿನ ಮೂಳೆಯಂತೆ ಕಾಣುವ ಹೊಲಿಗೆಯೇ ಸರಿ. ಅದು ಬಟ್ಟೆಯೊಡನೆ ತಾನೂ ಸ್ವಲ್ಪ ಹಿಗ್ಗುತ್ತದೆ.

ಹೊರನಾಡಿನ ಮಾದರಿ ಪುಸ್ತಕಗಳಲ್ಲಿ ಬಾತುಕೋಳಿ, ಮೊಲ, ಕರಡಿಗಳು ಹೇರಳ. ಅವೂ ಇರಲಿ. ಆದರೆ ಕೂಸಿನ ಅಂಗಿಗೆಂದೇ ಹುಟ್ಟಿದಂಥ ಕಲೆಯೊಂದು ಧಾರವಾಡದ ಕಡೆಯ ಮನೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ಇಳಕಲ್ಲ ಸೀರೆಯ ಸೆರಗಿಗೂ ಕುಪ್ಪಸಕ್ಕೂ ಹೆಸರಾದ ಆ ಕಸೂತಿಯಲ್ಲಿ ನಾಲ್ಕು ಬಗೆ: ಗವಂತಿ, ಮುರ್ಗಿ, ನೇಯ್ಗೆ ಮತ್ತು ಮೆಂತೆ. ಮೆಂತೆ ಎಂದರೆ ಎರಡು ಹೊಲಿಗೆಗಳು ಒಂದನ್ನೊಂದು ಕತ್ತರಿಸುವ ಬಗೆ. ಅದು ತೂಕದ್ದು, ಹಿಂಬದಿಯೂ ತುಂಬುತ್ತದೆ; ಕೂಸಿಗೆ ಬೇಡ. ಗವಂತಿ ಮತ್ತು ಮುರ್ಗಿಗಳ ಸೊಗಸೆಂದರೆ ಅವುಗಳಲ್ಲಿ ಗಂಟಿಲ್ಲ, ಬಟ್ಟೆಯ ಎರಡೂ ಮೈ ಒಂದೇ ಸಮ. ಮೊದಲ ಸುತ್ತಿನಲ್ಲಿ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಎಂದು ಸಾಗಿ, ಹಿಂದಿರುಗುವಾಗ ಅದೇ ತೂತುಗಳಲ್ಲಿ ಸೂಜಿ ಹಾಕಿ ಬಿಟ್ಟುಹೋದ ಜಾಗಗಳನ್ನು ತುಂಬುತ್ತ ಬರುವುದೇ ಗವಂತಿ. ಮುರ್ಗಿಯಲ್ಲೂ ಕ್ರಮ ಅದೇ, ಗೆರೆ ಮಾತ್ರ ಮೆಟ್ಟಿಲಿನಂತೆ ಅಂಕುಡೊಂಕಾಗಿ ಏರುತ್ತದೆ. ಗೋಪುರ, ತುಳಸಿಕಟ್ಟೆ, ಆನೆ, ನವಿಲು, ತೇರು, ತೊಟ್ಟಿಲು, ಎಲ್ಲವೂ ಈ ನೇರ ಗೆರೆಗಳಲ್ಲೇ ಅರಳುತ್ತವೆ. ಎದೆಯ ಮೂಲೆಯಲ್ಲಿ ಹೆಬ್ಬೆರಳಗಲದ ಒಂದು ತೊಟ್ಟಿಲು ಹೊಲಿದ ಜಬಲಾಕ್ಕೆ ಯಾವ ಅಂಗಡಿಯ ಕರಡಿಯೂ ಸರಿದೂಗದು.

ಒಂದು ತೊಡಕುಂಟು. ಕಸೂತಿಯಲ್ಲಿ ಚಿತ್ರ ಬರೆದುಕೊಂಡು ಹೊಲಿಯುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಹೊಲಿಯಬೇಕು. ತೆಳುವಾದ ಮಲ್ ಬಟ್ಟೆಯ ಎಳೆ ಎಣಿಸುವುದು ಕಣ್ಣಿಗೆ ಶಿಕ್ಷೆ. ಇದಕ್ಕೆ ಉಪಾಯವೆಂದರೆ ಜಾಳುಜಾಳಾದ ಕ್ಯಾನ್ವಾಸ್ ಬಟ್ಟೆಯ ತುಂಡೊಂದನ್ನು ಅಂಗಿಯ ಮೇಲೆ ಹಂಗಾಮಿಯಾಗಿ ಟಾಕಿ, ಅದರ ಚೌಕಗಳನ್ನು ಎಣಿಸಿ ಎರಡನ್ನೂ ಸೇರಿಸಿ ಹೊಲಿದು, ಕೊನೆಗೆ ನೀರು ತಾಗಿಸಿ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದುಬಿಡುವುದು. ಎಳೆ ಜಾರಿ ಬಂದಂತೆ ಬರಿಯ ಬಟ್ಟೆಯ ಮೇಲೆ ತೊಟ್ಟಿಲು ಉಳಿಯುವುದನ್ನು ನೋಡುವುದೇ ಒಂದು ಸಂತೋಷ.

ಇನ್ನು ಅಂಗಿಯ ಮೇಲೆ ಇರಬಾರದ ವಸ್ತುಗಳ ಮಾತು. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕನ್ನಡಿ, ಕವಡೆಗಳ ಕೈಕೆಲಸ ನೋಡಲು ಹಬ್ಬ. ದೊಡ್ಡವರ ಉಡುಪಿಗೇ ಅದು ಮೀಸಲಿರಲಿ. ಮಣಿ, ಮಿಣುಕು ಬಿಲ್ಲೆ, ಪುಟ್ಟ ಗೆಜ್ಜೆ, ಅಲಂಕಾರದ ಗುಂಡಿ ಯಾವುದೂ ಬೇಡ. ನಾಲ್ಕೈದು ತಿಂಗಳಾಗುತ್ತಲೇ ಕೈಗೆ ಸಿಕ್ಕುದೆಲ್ಲ ಬಾಯಿಗೆ ಹೋಗತೊಡಗುತ್ತದೆ. ಅಮೆರಿಕದಲ್ಲಿ 3 ವರ್ಷದೊಳಗಿನ ಮಕ್ಕಳ ಆಟಿಕೆಗಳ ಬಿಡಿಭಾಗ ಪರೀಕ್ಷಿಸಲು 1980ರಿಂದ ಬಳಸುವ ಕೊಳವೆಯ ಅಗಲ 31.7 ಮಿಲಿಮೀಟರ್, ಅದರೊಳಗೆ ಪೂರ್ತಿ ಅಡಗುವ ವಸ್ತು ಮಗುವಿನ ಗಂಟಲಿಗೆ ಅಪಾಯಕಾರಿ ಎಂದು ಲೆಕ್ಕ. ಆ ಅಳತೆಯಲ್ಲಿ ನಮ್ಮ ಅಂಗಿಗುಂಡಿಗಳೆಲ್ಲ ಕೊಳವೆಯೊಳಗೇ ಬೀಳುತ್ತವೆ. ಗುಂಡಿಯ ಚೆಲುವೇ ಬೇಕಿದ್ದರೆ ನೂಲಿನಲ್ಲಿಯೇ ಒಂದು ವೃತ್ತ, ನಡುವೆ ನಾಲ್ಕು ಚುಕ್ಕಿ ಹೊಲಿದು ತೃಪ್ತಿಪಡಬಹುದು. ಕೊರಳಿಗೆ ರಿಬ್ಬನ್ ಪೋಣಿಸುವುದೂ ತಪ್ಪು. ತೊಟ್ಟಿಲಿನ ಯಾವುದಾದರೂ ಮೊನೆಗೆ ಸಿಕ್ಕಿ ಅದು ಉರುಳಾದೀತು. ಕುಲಾವಿಯನ್ನು ಗದ್ದದಡಿ ಕಟ್ಟುವ ದಾರವನ್ನು ಗಿಡ್ಡವಾಗಿಟ್ಟು, ಮಗು ಮಲಗಿದೊಡನೆ ಕುಲಾವಿಯನ್ನೇ ತೆಗೆದಿಡಬೇಕು.

ಅನೇಕರಿಗೆ ಹೊಳೆಯದ ಇನ್ನೊಂದು ಕೇಡು ಸಡಿಲ ಎಳೆಯದು. ಕೈಚೀಲ, ಕಾಲುಚೀಲಗಳ ಒಳಗೆ ಜೋತುಬಿದ್ದ ಒಂದೇ ಒಂದು ನೂಲು ಕೂಸಿನ ಬೆರಳಿಗೆ ಸುತ್ತಿಕೊಂಡು ರಕ್ತದ ಓಟವನ್ನೇ ತಡೆಯಬಲ್ಲದು. ಬೆರಳು ಊದಿ ಕೆಂಪಾಗಿ, ನೂಲು ಮಾಂಸದಲ್ಲಿ ಹುದುಗಿ ಕಣ್ಣಿಗೂ ಕಾಣದಂತಾಗುತ್ತದೆ. ಅಂಥ ಸಂದರ್ಭದಲ್ಲಿ ಮನೆಮದ್ದಿಗೆ ಕೈಹಾಕದೆ ವೈದ್ಯರ ಬಳಿಗೆ ಓಡಬೇಕು. ಆದುದರಿಂದ ಕೈಚೀಲದ ಮೇಲೆ ಹೊಲಿಗೆಯ ಅಲಂಕಾರವನ್ನೇ ಬಿಟ್ಟು, ಪ್ರತಿ ಒಗೆತದ ನಂತರ ಅದನ್ನು ತಿರುವಿ ನೋಡಿ, ಎದ್ದ ಎಳೆಗಳನ್ನು ಕತ್ತರಿಸುವುದು ಒಳಿತು.

ಅಂಗಿಯ ಒಳಮೈಯಲ್ಲಿ ಇಷ್ಟೆಲ್ಲ ಮಾಡಿಯೂ ಒರಟುಳಿದರೆ, ಹಳೆಯ ಪಂಚೆಯ ತೆಳ್ಳನೆಯ ತುಂಡೊಂದನ್ನು ಹೂವಿನ ಹಿಂದೆ ಇಟ್ಟು, ಅಂಚು ಮಡಿಸಿ ಸಣ್ಣಗೆ ಹೊಲಿದುಬಿಡಬಹುದು. ಒಗೆಯುವಾಗ ಅಂಗಿಯನ್ನು ಒಳಮೈ ಹೊರಗಾಗಿ ತಿರುವಿ, ಕಲ್ಲಿಗೆ ಬಡಿಯದೆ ಕೈಯಲ್ಲೇ ಹಿಂಡಿ, ನೆರಳಿನಲ್ಲಿ ಒಣಗಿಸಿದರೆ ನೂಲಿನ ಬಣ್ಣ ಬಹುಕಾಲ ನಿಲ್ಲುತ್ತದೆ. ಇಸ್ತ್ರಿ ಹಾಕುವಾಗ ಕಸೂತಿಯನ್ನು ಮುಖ ಕೆಳಗಾಗಿ ದಪ್ಪ ಟವೆಲಿನ ಮೇಲಿಡಬೇಕು, ಹೊಲಿಗೆ ಚಪ್ಪಟೆಯಾಗದು. ಮೂರು ತಿಂಗಳಲ್ಲಿ ಅಂಗಿ ಚಿಕ್ಕದಾದಾಗ ಅದನ್ನು ನೆಲವೊರೆಸುವ ಬಟ್ಟೆಗಳ ಗಂಟಿಗೆ ಹಾಕುವ ಬದಲು, ಗಂಜಿ ಹಾಕದೆ ಒಗೆದು, ಬೇವಿನ ಒಣ ಎಲೆಯೊಡನೆ ಮಡಿಸಿಟ್ಟರೆ, ಮನೆಯ ಮುಂದಿನ ಕೂಸಿಗೂ ಅದೇ ತೊಟ್ಟಿಲು ಸಾಕು.