ಹೆತ್ತವರ ಬೆನ್ನಿಗೆ ನಿಲ್ಲುವವರು ಯಾರು?

ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಎರಡು ಭಾಗಗಳಾಗಿ ಹಂಚಿ ಕಟ್ಟಿದಾಗ, ಬೆಂಗಳೂರಿನಿಂದ ಬರುವ 56 ಕಿ.ಮೀ.ಗಳ ಮೊದಲ ಭಾಗ ಮುಗಿದು ಮೈಸೂರಿನ ಕಡೆಗೆ ಹೋಗುವ 61 ಕಿ.ಮೀ.ಗಳ ಎರಡನೆಯ ಭಾಗ ಶುರುವಾಗುವ ಗಡಿಯಾಗಿ ಗುರುತಾದದ್ದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ನಿಡಘಟ್ಟ. ಈ ಊರಿನ ಒಂದು ದಿಕ್ಕಿಗೆ ದೇಶದ ಹೆಸರಾಂತ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ ಇದ್ದರೆ, ಇನ್ನೊಂದು ದಿಕ್ಕಿಗೆ 1960ರ ದಶಕದ ಮಧ್ಯದಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಬಳಿ ನೆಲೆಗೊಂಡ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಭೂಪಟವನ್ನು ಮಾತ್ರ ನೋಡಿ ಹೇಳುವುದಾದರೆ, ಮಗುವಿನ ಬೆಳವಣಿಗೆಯಲ್ಲಿ ತೊಡಕು ಕಂಡ ತಂದೆತಾಯಿಗೆ ಇದಕ್ಕಿಂತ ಅನುಕೂಲವಾದ ನೆಲೆ ಹಳೇ ಮೈಸೂರು ಸೀಮೆಯ ಹಳ್ಳಿಗಾಡಿನಲ್ಲಿ ಬೇರೆ ಸಿಗದು. ಆದರೆ ನೆರವು ಎಂಬುದು ಹೆದ್ದಾರಿಯ ಮೇಲೆ ವೇಗವಾಗಿ ಸಾಗುವ ಸಂಗತಿಯಲ್ಲವಾದ್ದರಿಂದ, ದಿನಗೂಲಿಯ ತಾಯಿಯೊಬ್ಬಳಿಗೆ ಈ ಎರಡು ಸಂಸ್ಥೆಗಳಿಗಿಂತ ಊರಿನ ಅಂಗನವಾಡಿಯ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದೇ ದೊಡ್ಡ ಪ್ರಶ್ನೆಯಾಗಿ ಉಳಿದಿದೆ.

ಹೆಚ್ಚಿನ ನೆರವು ಬೇಕಾದ ಪೋಷಕರು ಎಂದಾಗ ಕೇವಲ ಬಡವರನ್ನು ಉದ್ದೇಶಿಸಿದಂತೆ ಆಗಬಾರದು. ಚೊಚ್ಚಲ ಬಾಣಂತಿ, ಹಸುಗೂಸನ್ನು ಬಿಟ್ಟು ಗಾರ್ಮೆಂಟ್ಸಿಗೋ ಗದ್ದೆ ಕೆಲಸಕ್ಕೋ ಹೋಗಬೇಕಾದವಳು, ಮಾತು ಬಾರದ ಅಥವಾ ನಡೆಯಲಾಗದ ಮಗುವಿನ ತಂದೆತಾಯಿ, ಗಂಡನನ್ನು ಕಳೆದುಕೊಂಡು ಒಬ್ಬಳೇ ಮಕ್ಕಳನ್ನು ಸಾಕುವವಳು, ಮಗಳೂ ಅಳಿಯನೂ ಬೆಂಗಳೂರಿಗೆ ದುಡಿಯಲು ಹೋದ ಮೇಲೆ ಮೊಮ್ಮಕ್ಕಳ ಹೊಣೆ ಹೊತ್ತ ಅಜ್ಜಿ, ಇವರೆಲ್ಲರೂ ಈ ಪಟ್ಟಿಗೆ ಸೇರುತ್ತಾರೆ. ಇವರಿಗಾಗಿ ಇರುವ ಯೋಜನೆಗಳು ಕಡಿಮೆಯೇನೂ ಅಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಮಗುವನ್ನು ಫಲಾನುಭವಿಯೆಂದು ಎಣಿಸುತ್ತವೆಯೇ ಹೊರತು, ಆ ಮಗುವನ್ನು ಎತ್ತಿಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುವವರನ್ನು ಎಣಿಸುವುದಿಲ್ಲ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ಅಂಗನವಾಡಿಗಳನ್ನು ನಡೆಸುವ ಕೇಂದ್ರ ಯೋಜನೆಯು, 1975ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ಪ್ರಾಯೋಗಿಕವಾಗಿ ಕಾಲಿಟ್ಟದ್ದು ಮಂಡ್ಯ ಜಿಲ್ಲೆಯದೇ ಆದ ಮಳವಳ್ಳಿಗೆ ನೆರೆಯ ತಿ. ನರಸೀಪುರದಲ್ಲಿ. ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಮೇಲಿನ ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆ, ತಾಯಂದಿರಿಗೆ ಪೌಷ್ಟಿಕತೆ ಮತ್ತು ಆರೋಗ್ಯದ ತಿಳಿವಳಿಕೆ ಎಂಬ ಆರು ಸೇವೆಗಳನ್ನು ಅದು ಹೊತ್ತುಕೊಂಡಿತು. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ 2005ರ ನಂತರ ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತೆ ಬಂದ ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಬಾಗಿಲಿಗೇ ಹೋಗುವ ಪದ್ಧತಿಯನ್ನು ಗಟ್ಟಿಗೊಳಿಸಿದರು. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು ಮತ್ತು ನಲವತ್ತೆರಡನೆಯ ದಿನಗಳಲ್ಲಿ ಆಶಾ ಮನೆಗೆ ಬಂದು ಕೂಸಿನ ತೂಕ, ಮೈಬಿಸಿ, ಹಾಲು ಕುಡಿಯುವ ಬಗೆಯನ್ನೂ ತಾಯಿಯ ಚೇತರಿಕೆಯನ್ನೂ ನೋಡಬೇಕೆಂಬುದು ನಿಯಮ. ಕಾಗದದ ಮೇಲೆ ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಮತ್ತೊಂದಿಲ್ಲ.

ಆದರೆ ಈ ಸೀಮೆಯಲ್ಲಿ ಮೊದಲ ಹೆರಿಗೆ ತವರಿನದು. ಗಂಡನ ಊರಿನಲ್ಲಿ ಗರ್ಭಿಣಿಯೆಂದು ಹೆಸರು ಬರೆಸಿ ತಾಯಿ ಕಾರ್ಡು ಪಡೆದವಳು ಸೀಮಂತ ಮುಗಿಸಿಕೊಂಡು ತವರಿಗೆ ಹೋಗಿ, ಬಾಣಂತನ ಮುಗಿಯುವ ಮೂರೋ ಐದೋ ತಿಂಗಳು ಅಲ್ಲೇ ಉಳಿಯುತ್ತಾಳೆ. ಹೀಗಾಗಿ ಅವಳನ್ನು ಬಲ್ಲ ಆಶಾ ಒಂದೂರಿನಲ್ಲಿ, ಭೇಟಿ ಕೊಡಬೇಕಾದ ಆಶಾ ಇನ್ನೊಂದೂರಿನಲ್ಲಿ. ನಡುವೆ ಇಬ್ಬರ ದಾಖಲೆ ಪುಸ್ತಕಗಳಿಂದಲೂ ಜಾರಿಹೋಗುವ ಅಪಾಯವಿರುವುದು ನೆರವು ಅತಿ ಹೆಚ್ಚು ಬೇಕಾದ ಆ ನಲವತ್ತೆರಡು ದಿನಗಳು. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ ಮೊದಲ ಮಗುವಿನ 5,000 ರೂಪಾಯಿ ಎರಡು ಕಂತಿನಲ್ಲಿ ಬರುವಂಥದ್ದು. ಎರಡನೆಯ ಕಂತಿಗೆ ಜನನ ನೋಂದಣಿಯೂ ಕೂಸಿನ ಮೊದಲ ಸುತ್ತಿನ ಲಸಿಕೆಯೂ ಆಗಿರಬೇಕು, ಅವೆರಡೂ ಸಾಮಾನ್ಯವಾಗಿ ತವರಿನಲ್ಲಿಯೇ ಆಗುತ್ತವೆ. ಶತಮಾನಗಳಿಂದ ನಡೆದುಬಂದ ತವರಿನ ಪದ್ಧತಿಯನ್ನು ಅನಿರೀಕ್ಷಿತ ವಲಸೆಯಂತೆ ಕಾಣುವ ನೋಂದಣಿ ಕ್ರಮವು ಊರನ್ನು ಬಲ್ಲವರು ರೂಪಿಸಿದ್ದೆಂದು ತೋರುವುದಿಲ್ಲ.

ರಾಜ್ಯ ಸರ್ಕಾರ 2017ರ ಅಕ್ಟೋಬರ್ 2ರಂದು ಆರಂಭಿಸಿದ ಮಾತೃಪೂರ್ಣ ಯೋಜನೆಯ ಅನುಭವವೂ ಇದಕ್ಕೆ ದೂರವಲ್ಲ. ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿಯೇ ಮಧ್ಯಾಹ್ನ ಅನ್ನ, ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿ ಬಡಿಸುವ ಈ ಯೋಜನೆಯ ಉದ್ದೇಶ ಸ್ಪಷ್ಟವಾಗಿತ್ತು: ಮನೆಗೆ ಕೊಟ್ಟ ಆಹಾರ ಮನೆಮಂದಿಗೆಲ್ಲ ಹಂಚಿಹೋಗುತ್ತದೆ, ಅಲ್ಲಿಯೇ ಕೂತು ಉಂಡರೆ ತಾಯಿಯ ಹೊಟ್ಟೆಗೇ ಸೇರುತ್ತದೆ. ಆದರೆ ಹಸಿ ಬಾಣಂತಿ ಗಾಳಿಗೆ ಹೊರಬರಬಾರದೆಂಬ ಮನೆಯ ಕಟ್ಟುಪಾಡು, ಕೂಲಿಗೆ ಹೋದವಳು ಮಧ್ಯಾಹ್ನ ಕೆಲಸ ಬಿಟ್ಟು ಬರಲಾಗದ ಸ್ಥಿತಿ, ತೋಟದ ಮನೆಯಿಂದ ಅಂಗನವಾಡಿಗೆ ಇರುವ ದೂರ, ಇವು ಮೂರೂ ಸೇರಿ ಊಟ ಮತ್ತೆ ಕ್ಯಾರಿಯರ್‌ನಲ್ಲಿ ಮನೆಗೆ ಹೋಗುವಂತೆ ಮಾಡಿದವು. ಹಾಗೆಯೇ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಪಡಿತರ ಚೀಟಿಯ ಯಜಮಾನಿಯ ಹೆಸರಿಗೆ ಬರುವಂಥದ್ದು. ಕೂಡುಕುಟುಂಬದಲ್ಲಿ ಯಜಮಾನಿಯೆಂದರೆ ಸಾಮಾನ್ಯವಾಗಿ ಅತ್ತೆ. ಅತ್ತೆ ಸೊಸೆಗೆ ಕೊಡುವುದಿಲ್ಲವೆಂದು ಅರ್ಥವಲ್ಲ; ಆದರೆ ಕೂಸಿಗೆ ಔಷಧಿ ತರಬೇಕಾದ ದಿನ ಕೈಯಲ್ಲಿ ಸ್ವಂತದ್ದೆಂಬ ದುಡ್ಡು ಇರುವುದಕ್ಕೂ ಕೇಳಿ ಪಡೆಯುವುದಕ್ಕೂ ಇರುವ ಅಂತರವನ್ನು ಸೊಸೆಯಂದಿರು ಬಲ್ಲರು.

ದುಡಿಯುವ ತಾಯಿಗೆ ಬೇಕಾದದ್ದು ಕೂಸನ್ನು ನಂಬಿ ಬಿಡಬಹುದಾದ ಜಾಗ. 1948ರ ಕಾರ್ಖಾನೆ ಕಾಯ್ದೆಯು 1976ರ ತಿದ್ದುಪಡಿಯ ನಂತರ ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು ಹೇಳಿತು; 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಐವತ್ತು ನೌಕರರಿರುವ ಸಂಸ್ಥೆಗಳಿಗೆ ಅದನ್ನು ವಿಸ್ತರಿಸಿ, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಿಬರಲು ಅವಕಾಶ ಕೊಟ್ಟಿತು. ಕಂಪನಿಯ ವ್ಯಾನಿನಲ್ಲಿ ಮುಂಜಾನೆ ಹೊರಡುವವಳಿಗೆ ಕೂಸನ್ನೂ ಅದೇ ವ್ಯಾನಿನಲ್ಲಿ ಕರೆದೊಯ್ಯುವುದು ಕಷ್ಟವಾದ್ದರಿಂದ, ಕಾರ್ಖಾನೆಯಲ್ಲಿರುವ ತೊಟ್ಟಿಲಿಗಿಂತ ಊರಿನಲ್ಲಿರುವ ತೊಟ್ಟಿಲೇ ಅವಳಿಗೆ ಉಪಯುಕ್ತ. ಈ ಕೊರತೆಯನ್ನು ತುಂಬಲೆಂದೇ ರಾಜ್ಯವು 2023ರಿಂದ ಸುಮಾರು 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಗುರಿ ಇಟ್ಟುಕೊಂಡು, ಉದ್ಯೋಗ ಖಾತ್ರಿಯ ಕೂಲಿಯಲ್ಲೇ ಊರಿನ ಹೆಂಗಸರಿಗೆ ತರಬೇತಿ ಕೊಟ್ಟು ಆರೈಕೆದಾರರನ್ನಾಗಿ ನೇಮಿಸುವ ಕ್ರಮವನ್ನು ರೂಪಿಸಿತು. ಇತ್ತೀಚಿನ ಯೋಜನೆಗಳಲ್ಲಿ ಹಳ್ಳಿಯ ತಾಯಿಯ ದಿನಚರಿಯನ್ನು ಅರಿತು ಹುಟ್ಟಿದ್ದು ಬಹುಶಃ ಇದೊಂದೇ. ಆದರೆ ಆರೈಕೆದಾರಳ ಕೂಲಿ ವರ್ಷಕ್ಕೆ ಇಂತಿಷ್ಟೇ ದಿನದ ಲೆಕ್ಕಕ್ಕೆ ಕಟ್ಟುಬಿದ್ದಿರುವುದರಿಂದ ಕೈಗಳು ಬದಲಾಗುತ್ತಲೇ ಇರುತ್ತವೆ, ಒಂದು ಮುಖಕ್ಕೆ ಹೊಂದಿಕೊಂಡ ಕೂಸು ಇನ್ನೊಂದು ಮುಖವನ್ನು ಕಂಡು ಅಳುವುದು ತಪ್ಪುವುದಿಲ್ಲ.

ಅಂಗವಿಕಲ ಮಗುವಿನ ತಂದೆತಾಯಿಯ ವಿಚಾರಕ್ಕೆ ಬಂದರೆ ಈ ಎಲ್ಲ ತೊಡಕುಗಳೂ ಒಟ್ಟಿಗೆ ಎದುರಾಗುತ್ತವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರಿಂದ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗಳಿಗೆ ಒಮ್ಮೆ ವೈದ್ಯ ತಂಡವನ್ನು ಕಳುಹಿಸಿ, ಹುಟ್ಟಿನಿಂದ ಬಂದ ದೋಷ, ಕೊರತೆ, ಕಾಯಿಲೆ ಮತ್ತು ಬೆಳವಣಿಗೆಯ ವಿಳಂಬಗಳನ್ನು ಗುರುತಿಸುತ್ತದೆ. ಗುರುತಿಸುವ ಕೆಲಸ ಹೀಗೆ ಊರಿಗೇ ಬರುತ್ತದೆ. ಚಿಕಿತ್ಸೆ ಮಾತ್ರ ಊರಿಗೆ ಬರುವುದಿಲ್ಲ. ಕಿವಿ ಕೇಳದ ಮಗುವಿಗೆ ಭಾಷೆ ಕಲಿಯುವ ಮೊದಲ ಮೂರು ವರ್ಷಗಳು ಅಮೂಲ್ಯವಾದವು. ಆ ವಯಸ್ಸಿನಲ್ಲಿ ವಾರವಾರವೂ ತರಬೇತಿ ಬೇಕು. ವಾಕ್ ಶ್ರವಣ ಸಂಸ್ಥೆಯು ಮಂಡ್ಯ ಜಿಲ್ಲೆಯಲ್ಲಿಯೇ, ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ, ತನ್ನ ವಿಸ್ತರಣಾ ಕೇಂದ್ರವೊಂದನ್ನು ತೆರೆದದ್ದು ದೊಡ್ಡ ಉಪಕಾರವೇ ಆದರೂ, ಜಿಲ್ಲೆಯ ಇನ್ನೊಂದು ತುದಿಯಲ್ಲಿರುವ ನಿಡಘಟ್ಟದವರಿಗೆ ಅದು ಮೈಸೂರಿಗಿಂತ ಹತ್ತಿರವಲ್ಲ. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯಿಂದ ತಾಯಿಯ ಬಸ್ ಚಾರ್ಜು ಉಳಿಯಿತು. ಆ ದಿನದ ಕೂಲಿ ಉಳಿಯಲಿಲ್ಲ. ಅದೇ ವರ್ಷದ ಆಗಸ್ಟ್‌ನಿಂದ ಆಟೊ, ಬೈಕು, ಟ್ರ್ಯಾಕ್ಟರ್‌ಗಳು ಹೆದ್ದಾರಿಯ ಮುಖ್ಯ ಪಥಕ್ಕೆ ಹತ್ತುವಂತಿಲ್ಲವಾಗಿ, ನಡೆಯಲಾಗದ ಮಗುವನ್ನು ಮದ್ದೂರಿಗೆ ಆಟೊದಲ್ಲಿ ಕರೆದೊಯ್ಯುವವರು ಸರ್ವಿಸ್ ರಸ್ತೆಯನ್ನೇ ಹಿಡಿಯಬೇಕು. ಸುರಕ್ಷತೆಯ ದೃಷ್ಟಿಯಿಂದ ಆ ನಿಷೇಧ ಸರಿಯಾದದ್ದೇ.

ಮೈಸೂರಿನಲ್ಲಿ ಶ್ರವಣದೋಷವುಳ್ಳ ಮಕ್ಕಳ ಪೋಷಕರ ಸಂಘವೇ ನಡೆಸುವ ಶಾಲೆಯೊಂದು ಈ ಸಮಸ್ಯೆಗೆ ಬೇರೊಂದು ಉತ್ತರವನ್ನು ಕಂಡುಕೊಂಡಿತು: ಅಲ್ಲಿ ಮಗುವಿನ ಜೊತೆ ತಾಯಿಯೂ ತರಗತಿಯಲ್ಲಿ ಕೂತು, ಮಾತು ಕಲಿಸುವ ಕ್ರಮವನ್ನು ತಾನೇ ಕಲಿಯುತ್ತಾಳೆ. ತಜ್ಞರನ್ನು ಪ್ರತಿ ಹಳ್ಳಿಗೂ ಕಳುಹಿಸಲಾಗದ ನಾಡಿನಲ್ಲಿ ತಾಯಿಯನ್ನೇ ತಜ್ಞೆಯನ್ನಾಗಿಸುವ ಈ ಮಾರ್ಗ ವಿವೇಕದ್ದು. ಆದರೆ ವರ್ಷಗಟ್ಟಲೆ ದುಡಿಮೆ ಬಿಟ್ಟು ನಗರದಲ್ಲಿ ಉಳಿಯಬಲ್ಲ ತಾಯಿಗೆ ಮಾತ್ರ ಅದು ತೆರೆದ ಮಾರ್ಗ. ಈ ಹಿನ್ನೆಲೆಯಲ್ಲಿ ರಾಜ್ಯವು 2024–25ರ ಬಜೆಟ್‌ನಲ್ಲಿ ಮಿದುಳಿನ ಪಾರ್ಶ್ವವಾಯು, ಸ್ನಾಯುಕ್ಷಯ ಮೊದಲಾದ ಸ್ಥಿತಿಗಳಿರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿಯ ಭತ್ಯೆಯನ್ನು ಘೋಷಿಸಿದ್ದು ಗಮನಾರ್ಹ. ಮೊತ್ತ ಚಿಕ್ಕದಾದರೂ, ನೋಡಿಕೊಳ್ಳುವವರದೂ ಒಂದು ದುಡಿಮೆಯೆಂದು ಸರ್ಕಾರಿ ಕಡತವೊಂದು ಒಪ್ಪಿದಂತಾಯಿತು. ತಮ್ಮ ನಂತರ ಮಗುವಿಗೆ ಯಾರು ಗತಿ ಎಂಬ ಚಿಂತೆಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಉತ್ತರವಿದೆ. ಅದರಂತೆ ಆಟಿಸಂ, ಮಿದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯವುಳ್ಳವರಿಗೆ ಹದಿನೆಂಟು ತುಂಬಿದ ಮೇಲೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಸಮಿತಿಯು ಕಾನೂನುಬದ್ಧ ಪಾಲಕರನ್ನು ನೇಮಿಸಬಹುದು. ‘ನಿರಾಮಯ’ ಎಂಬ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ವೆಚ್ಚವನ್ನು ಭರಿಸುತ್ತದೆ.

ತಾಯಿಯ ಮನಸ್ಸಿನ ಆರೋಗ್ಯದ ಕುರಿತು ಊರಿನಲ್ಲಿ ಮಾತೇ ಕಡಿಮೆ. ಹೆರಿಗೆಯ ನಂತರದ ಖಿನ್ನತೆಯನ್ನು, ಅಂದರೆ ವಾರಗಟ್ಟಲೆ ಬಿಡದ ಬೇಸರ, ನಿದ್ದೆಗೇಡು, ಕೂಸಿನ ಮೇಲೂ ಹುಟ್ಟದ ಒಲವನ್ನು, ಸೋಕು ಎಂದೋ ಸೋಮಾರಿತನವೆಂದೋ ಕರೆದು ಮುಗಿಸುವುದುಂಟು. ನಿಮ್ಹಾನ್ಸ್ 2009ರಲ್ಲಿ ತಾಯಿ ಮತ್ತು ಕೂಸನ್ನು ಬೇರ್ಪಡಿಸದೆ ಒಟ್ಟಿಗೆ ಸೇರಿಸಿಕೊಳ್ಳುವ ವಿಭಾಗವನ್ನು ತೆರೆಯಿತು. 2022ರ ಅಕ್ಟೋಬರ್‌ನಿಂದ 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲಿಯೇ ಆಪ್ತ ಸಲಹೆ ದೊರೆಯುತ್ತದೆ. ಮನೆಯಲ್ಲಿ ಒಂದೇ ಮೊಬೈಲು, ಅದೂ ಗಂಡನ ಜೇಬಿನಲ್ಲಿ ಇರುವಾಗ ಕರೆ ಮಾಡುವುದು ಯಾವಾಗ ಎಂಬುದು ಬೇರೆ ಮಾತು.

ಗಂಡನಿಲ್ಲದೆ ಮಕ್ಕಳನ್ನು ಸಾಕುವವರಿಗೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಡಿ, ಹಳ್ಳಿಗಳಲ್ಲಿ ವಾರ್ಷಿಕ ಆದಾಯ 72,000 ರೂಪಾಯಿ ಮೀರದಿದ್ದರೆ, ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ವಿಧವೆ, ವಿಚ್ಛೇದಿತೆ, ಗಂಡ ಬಿಟ್ಟವಳು ಎಲ್ಲರೂ ಇದಕ್ಕೆ ಅರ್ಹರು. ಅರ್ಜಿ ಹೋಗಬೇಕಾದದ್ದು ಮಂಡ್ಯದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ವಿಧವಾ ವೇತನಕ್ಕೆ ನಾಡಕಚೇರಿಗೆ ಅಲೆದವರಲ್ಲಿಯೂ ಅನೇಕರಿಗೆ ಈ ಹೆಸರು ತಿಳಿದಿರುವುದಿಲ್ಲ.

ಹೀಗೆ ಅಂಗನವಾಡಿ ಒಂದು ಇಲಾಖೆಯದು, ಆಶಾ ಇನ್ನೊಂದರವರು, ಕೂಸಿನ ಮನೆ ಪಂಚಾಯಿತಿಯದು, ಪಿಂಚಣಿ ಕಂದಾಯ ಇಲಾಖೆಯದು. ಇವನ್ನು ಒಂದು ಮನೆಯ ಮುಂದೆ ಕೂಡಿಸಬಲ್ಲವರು ಪಂಚಾಯಿತಿಗೆ ಒಬ್ಬರಂತೆ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಸ್ವತಃ ಅಂಗವಿಕಲರಾಗಿದ್ದು, ಅರ್ಜಿ, ಪ್ರಮಾಣಪತ್ರ, ಗುರುತಿನ ಚೀಟಿಗಳ ದಾರಿಯನ್ನು ನಡೆದು ಬಲ್ಲವರಾದರೂ ಅವರು ಗೌರವಧನದ ಮೇಲೆಯೇ ದುಡಿಯುತ್ತಿದ್ದಾರೆ. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ಅಂಗವಿಕಲರ ಏಳಿಗೆಗೆ ವಿನಿಯೋಗಿಸಬೇಕೆಂಬ ನಿಯಮವಿದ್ದು, ಆ ಹಣ ಹಲವೆಡೆ ವರ್ಷದ ಕೊನೆಯಲ್ಲಿ ಸಾಮಗ್ರಿ ಹಂಚಿಕೆಯಲ್ಲಿ ಕರಗುತ್ತದೆ. ವಾರಕ್ಕೊಮ್ಮೆ ಮಗುವನ್ನು ಮಂಡ್ಯಕ್ಕೋ ಮೈಸೂರಿಗೋ ಕರೆದೊಯ್ಯುವ ತಾಯಿಯ ಆ ದಿನದ ಕೂಲಿಯನ್ನೂ ಆಟೊ ಬಾಡಿಗೆಯನ್ನೂ ಅದೇ ಹಣದಿಂದ ಭರಿಸುವ ದಾರಿಯನ್ನು ನಿಡಘಟ್ಟದಂಥ ಪಂಚಾಯಿತಿಗಳು ಹುಡುಕಬೇಕು. ಮುಂದಿನ ಗ್ರಾಮಸಭೆಯಲ್ಲಿ ಆ ಲೆಕ್ಕವನ್ನು ಓದಿಸಿ ಕೇಳುವ ಹಕ್ಕು ಪ್ರತಿಯೊಬ್ಬ ಪೋಷಕರಿಗೂ ಇದೆ, ಅವರು ಅದನ್ನು ಕೇಳಬೇಕು.